ಅವ್ವನ ಪುಂಡಿಬೀಜದ ಗಂಟು

ನಿದ್ದೆಗೆ ಇಷ್ಟೊಂದು ಮರ್ಯಾದೆ ಕೊಡುವ ಗಣಿತ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಸಿಂಧನೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಬಿಡುವಿನಲ್ಲಿ ಮಾಡುವುದು ಮಲಗಿದ ಬೀಜಗಳ ವಂಶಾವಳಿಯ ಲೆಕ್ಕ. ಎಲ್ಲ ಬೀಜವೂ ಒಂದೇ ವರ್ಷ ಮೊಳೆಯುವುದಿಲ್ಲ. ಕೆಲವು ಮಣ್ಣಿನಲ್ಲಿ ಹಾಯಾಗಿ ಮಲಗಿ ಮರಿಮಕ್ಕಳ ಕಾಲಕ್ಕೆ ಏಳುತ್ತವೆ. ಹಾಗಾಗಿ ಎರಡು ಗಿಡಗಳ ಮೂಲಜ್ಜಿಯನ್ನು ಹುಡುಕುತ್ತ ಹಿಂದೆ ಹೋದರೆ, ನಡುವೆ ಎಷ್ಟೋ ಕಾಲ ನಿದ್ದೆಯಲ್ಲೇ ಕಳೆದು, ಆ ಅಜ್ಜಿ ಬಲು ದೂರದಲ್ಲಿ ಸಿಗುತ್ತಾಳೆ. ಇದಕ್ಕೂ ಪಗಾರ ಕೊಡುತ್ತಾರೇನು ಎಂದು ಕೇಳಿದ್ದಳು ನನ್ನ ಹೆಂಡತಿ ಗಿರಿಜಾ. ಲಿಂಗಸುಗೂರಿನವಳು, ಕೇಳುವುದನ್ನು ನೇರವಾಗಿಯೇ ಕೇಳುತ್ತಾಳೆ.

ಹೋದ ಬೇಸಿಗೆಯಲ್ಲಿ ಟ್ರಂಕು ಜಾಡಿಸುವಾಗ ಅವಳಿಗೊಂದು ಗಂಟು ಸಿಕ್ಕಿತು. ಹಳೇ ಇಳಕಲ್ ಸೀರೆಯ ಚೂರು, ಒಳಗೆ ಬೂದಿ ಬೆರೆಸಿದ, ಪುಂಡಿ ಎಂಬ ಹುಳಿಸೊಪ್ಪಿನ ಬೀಜ. ತೀರಿಹೋದ ನನ್ನ ಅವ್ವ ನಮ್ಮೂರು ತುರ್ವಿಹಾಳದಲ್ಲಿ ಕಟ್ಟಿಟ್ಟದ್ದು. ಕಾಲುವೆ ನೀರು ಬಂದು ಊರೆಲ್ಲ ಭತ್ತವಾದ ಮೇಲೂ ಬದುವಿನ ಮೇಲೆ ಪುಂಡಿ ಹಾಕುವುದನ್ನು ಬಿಟ್ಟವಳಲ್ಲ ಅವಳು. ಶಾಲೆಯಿಂದ ಬಂದರೆ ಬಿಸಿ ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಲೆ, ನಡುವೆ ಗುಣಿ ಮಾಡಿ ಸುರಿದ ಕುಸುಬಿ ಎಣ್ಣೆ. ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ.

ಬಿತ್ತಿಬಿಡೋಣ ಎಂದಳು ಗಿರಿಜಾ. ನಾನು ಬೇಡವೆಂದೆ. ಮೊಳೆಯದಿದ್ದರೆ ಅವ್ವನ ಪುಂಡಿ ಅಲ್ಲಿಗೆ ಮುಗಿದಂತೆ. ಇಟ್ಟುಕೊಂಡರೂ ಬೀಜಕ್ಕೆ ಮುಪ್ಪು ತಪ್ಪದು. ಎಷ್ಟು ಬಿತ್ತಬೇಕು, ಎಷ್ಟು ಮಲಗಿಸಿಡಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ, ಅಲ್ಲಿಯವರೆಗೆ ಮುಟ್ಟಕೂಡದೆಂದು ತಾಕೀತು ಮಾಡಿದೆ. ಲೆಕ್ಕ ಮಳೆಗಾಲ ದಾಟಿತು.

ಈ ನಡುವೆ ಊಟಕ್ಕೆ ಪುಂಡಿಪಲ್ಲೆ ಬರತೊಡಗಿತು. ಮಸ್ಕಿಯಲ್ಲಿರುವ ಅವಳಕ್ಕ ಸಂತೆಯಿಂದ ತಂದು ಕಳಿಸುತ್ತಾಳೆಂದು ನಾನೇ ತಿಳಿದುಕೊಂಡೆ. ತಟ್ಟೆ ಮುಂದೆ ಕೂತಾಗಲೆಲ್ಲ ಮೂಗು ಮುರಿದೆ. ಹುಳಿಯೇನೋ ಇದೆ, ಜೀವ ಇಲ್ಲ. ಸಂತೆ ಪಲ್ಲೆಗೆ ಅವ್ವನ ರುಚಿ ಎಲ್ಲಿಂದ ಬರಬೇಕು! ಗಿರಿಜಾ ಕೇಳಿಸಿಕೊಂಡಳು, ಕೇಳಿಸಿಕೊಂಡಳು. ಮೊನ್ನೆ ಮೊದಲ ತುತ್ತಿಗೇ ಮತ್ತೆ ಅದೇ ರಾಗ ತೆಗೆದಾಗ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ನೀರಿನ ತೊಟ್ಟಿಯ ಹಿಂದೆ, ನಾನೆಂದೂ ಹೋಗದ ಮೂಲೆಯಲ್ಲಿ, ಕೆಂಪು ದಂಟಿನ ಪುಂಡಿ ಕಾಯಿ ಕಟ್ಟಿಕೊಂಡು ನಿಂತಿತ್ತು.

"ಅತ್ತಿಯವರ ಬೀಜದ್ವ ರೀ ಇವು. ಅರ್ಧ ಬಿತ್ತೀನಿ, ಅರ್ಧ ಹಂಗ ಕಟ್ಟಿಟ್ಟೀನಿ. ನಿಮ್ಮ ಲೆಕ್ಕ ಮುಗಿಯೋತನ ಅವು ಕಾಯಂಗಿಲ್ಲ."

ಕೆಲವು ಮೊಳೆಯಲೇ ಇಲ್ಲವಂತೆ. ಮೊಳೆತವು ಸಾಕಿತ್ತು. ಒಂದೆಲೆ ಮುಟ್ಟಿದೆ, ಕಣ್ಣು ತುಂಬಿ ಬಂತು. ಒಳಗೆ ಬಂದು ಅದೇ ತಟ್ಟೆಗೆ ಮತ್ತೆ ಕೈ ಹಾಕಿದೆ. ಆಗಷ್ಟೇ ಜೀವವಿಲ್ಲದಂತಿದ್ದ ಪಲ್ಲೆ ಈಗ ಥೇಟ್ ಅವ್ವನ ಪಲ್ಲೆಯೇ! ಹಾಗೆಂದು ಗದ್ಗದಿತನಾಗಿ ಹೇಳಿದೆ ಕೂಡ.

"ಗಿಡ ಈಗ ಬೀಜಕ್ಕ ಬಿಟ್ಟೀನ್ರೀ," ಎಂದಳು ಗಿರಿಜಾ, ರೊಟ್ಟಿ ತಿರುವಿ ಹಾಕುತ್ತ. "ಇಷ್ಟ ದಿನ ತಿಂದಿದ್ದು ಹಿತ್ತಲಿಂದು. ಇವತ್ತಿಂದು ಮಸ್ಕಿ ಸಂತಿದು."

ಬಾಯಲ್ಲಿದ್ದ ತುತ್ತನ್ನು ನುಂಗಿ, ಇನ್ನೊಂದು ರೊಟ್ಟಿ ಹಾಕು ಎಂದೆ.