ಅವ್ವ, ದೊಡ್ಡವ್ವ ಮತ್ತು ಬಾಯಿ ಬಿಡದ ಕಂಪ್ಯೂಟರ್

ಒಬ್ಬೊಬ್ಬರಿಗೆ ಒಂದೊಂದು ಚಟ. ಎಲೆ ಅಡಿಕೆ ಹಾಕುವವರಿದ್ದಾರೆ, ಇಸ್ಪೀಟು ಆಡುವವರಿದ್ದಾರೆ, ಕರೆಯದ ಮದುವೆಗೆ ಹೋಗಿ ಉಂಡು ಬಂದು ಸಾರಿಗೆ ಉಪ್ಪು ಕಡಿಮೆಯಿತ್ತು ಎನ್ನುವವರಿದ್ದಾರೆ. ನನ್ನದು ಬಿಚ್ಚುವ ಚಟ. ಕೆಟ್ಟುಹೋದದ್ದನ್ನು ಬಿಚ್ಚುವುದು ದೊಡ್ಡ ಮಾತಲ್ಲ, ಯಾರು ಬೇಕಾದರೂ ಮಾಡುತ್ತಾರೆ. ನಾನು ಚೆನ್ನಾಗಿ ನಡೆಯುತ್ತಿರುವುದನ್ನೂ ಬಿಚ್ಚುತ್ತೇನೆ. ಅದು ಯಾಕೆ ಚೆನ್ನಾಗಿ ನಡೆಯುತ್ತಿದೆ ಎಂದು ತಿಳಿಯಬೇಕಲ್ಲ. ಕೊಟ್ಟೂರಿನಲ್ಲಿ ನನ್ನದೊಂದು ಪಂಪ್‌ಸೆಟ್ ಸಾಮಾನು ಮತ್ತು ರಿಪೇರಿಯ ಅಂಗಡಿ ಇದೆ, ಸ್ಟಾರ್ಟರುಗಳನ್ನು ಬಿಚ್ಚಿ ಬಿಚ್ಚಿ ಕೈ ಪಳಗಿದೆ. ಮನೆಯ ಮಿಕ್ಸರನ್ನು ಬಿಚ್ಚಿ ಜೋಡಿಸಿದೆ, ಈಗಲೂ ತಿರುಗುತ್ತದೆ. ಕೊನೆಗೆ ಉಳಿದ ಸ್ಕ್ರೂಗಳನ್ನು ಕಂಪನಿಯವನು ಸುಮ್ಮನೆ ಹೆಚ್ಚಿಗೆ ಹಾಕಿದ್ದ ಎಂಬುದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಗಿರಿಜಾಳ ಅಭಿಪ್ರಾಯ ಬೇರೆ. ಅವಳು ಮಾರು ದೂರ ನಿಂತು ಲಟ್ಟಣಿಗೆಯ ತುದಿಯಿಂದ ಮಿಕ್ಸರಿನ ಗುಂಡಿ ಒತ್ತುತ್ತಾಳೆ.

ಇಂಥವನು ಅಂಗಡಿಯಿಂದ ಸಿದ್ಧ ಕಂಪ್ಯೂಟರ್ ತರುವುದು ಮರ್ಯಾದೆಯ ಮಾತಲ್ಲ. ನಾನೇ ಜೋಡಿಸಿದೆ. ಮದರ್‌ಬೋರ್ಡ್ ಹೊಸಪೇಟೆಯದು, ಕ್ಯಾಬಿನೆಟ್ ದಾವಣಗೆರೆಯದು, ಮಾನಿಟರ್ ಹಗರಿಬೊಮ್ಮನಹಳ್ಳಿಯಲ್ಲಿ ಮುಚ್ಚುತ್ತಿದ್ದ ಜೆರಾಕ್ಸ್ ಅಂಗಡಿಯದು, ಕ್ಯಾಮೆರಾ ಹರಪನಹಳ್ಳಿಯದು, ಮೌಸು ಸ್ಪೀಕರು ಮೈಕು ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿನವು. ಇಷ್ಟು ಊರಿನವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ತಕರಾರು ಇದ್ದದ್ದೇ. ಅದಕ್ಕೆಂದೇ ಡ್ರೈವರ್ ಎಂಬ ಸಣ್ಣ ಸಣ್ಣ ಪ್ರೋಗ್ರಾಮುಗಳಿವೆ. ಸಂಬಂಧ ಕುದುರಿಸುವ ಮಧ್ಯಸ್ಥರಿದ್ದ ಹಾಗೆ; ಅವರು ನಡುವೆ ನಿಂತು ಇಂಥವರ ಮಗ, ಇಂಥವರ ಮಗಳು ಎಂದು ಹೇಳದಿದ್ದರೆ ಸ್ಪೀಕರು ಎದುರಿಗೇ ಕೂತಿದ್ದರೂ ಕಂಪ್ಯೂಟರು ಅದರ ಮುಖ ನೋಡುವುದಿಲ್ಲ. ಎಲ್ಲರನ್ನೂ ಒಪ್ಪಿಸಿದೆ. ಧ್ವನಿ ಬಂತು, ಬಾಣದ ಗುರುತು ಓಡಾಡಿತು. ಅಂಗಡಿಗೆ ವಾಷರ್ ಕೊಳ್ಳಲು ಬಂದವರಿಗೂ ಈ ಸುದ್ದಿ ಹೇಳಿ ಕಳಿಸಿದೆ.

ಕಂಪ್ಯೂಟರಿಗೆ ನಿಜವಾದ ಕೆಲಸ ಬಂದದ್ದು ಅವ್ವನಿಂದ. ಅವ್ವನಿಗೆ ಒಬ್ಬಳೇ ಅಕ್ಕ, ನನಗೆ ದೊಡ್ಡವ್ವ, ಹಂಪಸಾಗರದಲ್ಲಿದ್ದಾಳೆ. ಅಕ್ಕತಂಗಿಯರು ಮಾತು ಬಿಟ್ಟು ವರ್ಷ ದಾಟಿತ್ತು. ಕಾರಣ ಒಂದು ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ. ನಮ್ಮ ಕಡೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಹಾಕುವ ಜಂಪರ್ ಪೀಸನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಕಾರ್ಯದಲ್ಲಿ ಇನ್ನೊಬ್ಬರ ಉಡಿಗೆ ಹಾಕುತ್ತಾರೆ. ಹೀಗೆ ಒಂದೊಂದು ಪೀಸು ಹಡಗಲಿಯಿಂದ ಗುಡೇಕೋಟೆಯವರೆಗೂ ತಿರುಗಾಡುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರದೂ ತಕರಾರಿಲ್ಲ. ಕೊಟ್ಟವಳ ಉಡಿಗೇ ತಿರುಗಿ ಬರಬಾರದು, ಅಷ್ಟೇ. ದೊಡ್ಡವ್ವನ ಮನೆಯ ಗೃಹಪ್ರವೇಶಕ್ಕೆ ಹೋಗಿ ಬಂದ ಅವ್ವ ಉಡಿ ಬಿಚ್ಚಿ ನೋಡಿದರೆ, ಪಂಚಮಿಗೆ ತಾನೇ ಅಕ್ಕನಿಗೆ ಕೊಟ್ಟಿದ್ದ ಹಸಿರು ಪೀಸು ಮೂಲೆಯ ಅರಿಸಿನದ ಕಲೆ ಸಮೇತ ಮನೆಗೆ ಬಂದಿತ್ತು. ಅವ್ವ ನಿಂತ ಕಾಲಲ್ಲೇ ಫೋನ್ ಹಚ್ಚಿದಳು.

"ಅಕ್ಕಾ, ನಾ ಕೊಟ್ಟಿದ್ದನ್ನ ನನ್ನ ಉಡಿಗೇ ಹಾಕಿದೇನು?"

"ಒಡಹುಟ್ಟಿದಾಕಿ ಮನಿಗೆ ಹೋಗಿ ಉಡಿ ತಪಾಸಣಿ ಮಾಡ್ತಾಳ ಅಂತ ಗೊತ್ತಿದ್ರ ಇಳಕಲ್ ಸೀರಿನ ಹಾಕ್ತಿದ್ದೆ ಬಿಡವ್ವ," ಎಂದಳು ದೊಡ್ಡವ್ವ.

ಮಾತು ಅಲ್ಲಿಂದ ಪಂಚಮಿಗೆ ಹೋಗಿ, ಪಂಚಮಿಯಿಂದ ತವರುಮನೆಯ ಯಾವುದೋ ಎಮ್ಮೆಯ ಕಡೆ ತಿರುಗಿ, ಫೋನ್ ಇಡುವಷ್ಟರಲ್ಲಿ ಇವಳಿಗೆ ಅಕ್ಕ ಇರಲಿಲ್ಲ, ಅವಳಿಗೆ ತಂಗಿ ಇರಲಿಲ್ಲ.

ಜಗಳದ ಹುರುಪು ಇಳಿದ ಮೇಲೆ ಅವ್ವ ಸೊರಗಿದಳು. ಶೇಂಗಾ ಹೋಳಿಗೆ ಮಾಡಿದರೆ "ಅಕ್ಕಗ ಭಾಳ ಸೇರ್ತಿತ್ತು" ಎಂದು ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದಳು. ನೋಡಲಾಗುತ್ತಿರಲಿಲ್ಲ. ಹಂಪಸಾಗರಕ್ಕೆ ಕರೆದುಕೊಂಡು ಹೋಗುತ್ತೇನೆ ಬಾ ಎಂದರೆ, "ತಪ್ಪು ಮಾಡಿದಾಕಿ ಅಕಿ. ಅಕಿನ ನನ್ನ ಹೊಸ್ತಿಲಾ ತುಳೀಲಿ" ಎನ್ನುತ್ತಿದ್ದಳು. ದೊಡ್ಡವ್ವ ಅಲ್ಲಿ, "ಹಿರೇಕಿ ನಾನು. ಸಣ್ಣಾಕಿ ಬರಬೇಕು, ಅದು ಪದ್ಧತಿ" ಎನ್ನುತ್ತಿದ್ದಳಂತೆ. ಫೋನ್ ಅಂತೂ ಇಬ್ಬರಿಗೂ ಬೇಡ, ಕೆಡಿಸಿದ್ದೇ ಅದು.

ದೊಡ್ಡವ್ವನ ಮಗ ಬಸಣ್ಣನೂ ನಾನೂ ಸೇರಿ ಉಪಾಯ ಹೂಡಿದೆವು. ವಿಡಿಯೋ ಮೀಟಿಂಗ್. ಅದರಲ್ಲಿ ಯಾರೂ ಯಾರಿಗೂ ಮೊದಲು ಕರೆ ಮಾಡುವ ಪ್ರಶ್ನೆಯಿಲ್ಲ. ಒಂದೇ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಬಂದು ಕೂತರಾಯಿತು. ಅವ್ವ ನನ್ನನ್ನು ಕೂರಿಸಿಕೊಂಡು ವಕೀಲರ ಹಾಗೆ ಕೇಳಿದಳು.

"ಅಂದ್ರ, ನಾ ಅಕಿ ಮನಿಗೆ ಹೋದಂಗಲ್ಲ?"

"ಅಲ್ಲವ್ವ."

"ಅಕಿ ನಮ್ಮನಿಗೆ ಬಂದಂಗೂ ಅಲ್ಲ?"

"ಅಲ್ಲ."

"ಮತ್ತ ಎಲ್ಲಿ ಕೂಡ್ತೀವಿ?"

"ನಡುವ."

ಅವ್ವ ಎರಡೂ ಊರಿನ ನಡುವಿನ ದಾರಿಯನ್ನು ಬೆರಳಲ್ಲಿ ಎಣಿಸಿ, "ತಂಬ್ರಹಳ್ಳಿ ಹತ್ರ ಅನ್ನು" ಎಂದು ಒಪ್ಪಿದಳು. ಮೊಬೈಲಿನಲ್ಲಿ ಮಾತ್ರ ಬೇಡವಂತೆ, ಅದರಲ್ಲಿ ಅಕ್ಕ ಕುಂಬಳಬೀಜದಷ್ಟು ಕಾಣುತ್ತಾಳಂತೆ. ಹೀಗೆ ನನ್ನ ಕಂಪ್ಯೂಟರಿನ ಮೇಲೆ ಭಾರ ಬಿತ್ತು.

ಮೀಟಿಂಗಿಗೆ ಗೊತ್ತು ಮಾಡಿದ ದಿನ ಸೋಮವಾರ, ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆ ಒಳ್ಳೆಯ ದಿನ, ಅಂಗಡಿಯ ತಕ್ಕಡಿಗೂ ಬೈಕಿಗೂ ಅಂದು ಪೂಜೆ ಇರುತ್ತದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಕಂಪ್ಯೂಟರಿಗೂ ಪೂಜೆ ಮಾಡಿಬಿಟ್ಟಿದ್ದಳು. ಅಕ್ಕನ ಜೊತೆಗಿನ ಮಾತು ನೆಟ್ಟಗಾಗಲಿ ಎಂದು ಹರಕೆಯನ್ನೂ ಹೊತ್ತಿದ್ದಳೇನೋ. ಕ್ಯಾಬಿನೆಟ್ಟಿಗೆ ಮೂರೆಳೆ ವಿಭೂತಿ, ಮಾನಿಟರಿಗೆ ಕುಂಕುಮ, ಮೇಲೊಂದು ಮೊಳ ಮಲ್ಲಿಗೆ. ನೋಡಲು ಲಕ್ಷಣವಾಗಿತ್ತು. ಆನ್ ಮಾಡಿದೆ. ಬಾಣದ ಗುರುತು ಪರದೆಯ ನಡುವೆ ಗುಡಿಯ ಬಸವಣ್ಣನ ಹಾಗೆ ಕೂತಿತು, ಮೌಸನ್ನು ಎಷ್ಟು ಎಳೆದಾಡಿದರೂ ಏಳಲಿಲ್ಲ.

ಇಂಥ ಹೊತ್ತಿನಲ್ಲಿ ತಿಳಿದವನಿಗೆ ಬರುವ ಮೊದಲ ಯೋಚನೆ, ಮೌಸಿನ ಡ್ರೈವರ್ ಕೆಟ್ಟಿದೆ ಎಂಬುದು. ತಿಳಿಯದವನಾಗಿದ್ದರೆ ಮೌಸನ್ನು ತಿರುಗಿಸಿ ನೋಡುತ್ತಿದ್ದ. ನಾನು ತಿಳಿದವನು, ಕೀಲಿಮಣೆಯಿಂದಲೇ ತಡಕಾಡಿ ಒಳಗೆ ಹೋಗಿ ಮೌಸಿನ ಡ್ರೈವರನ್ನು ಕಿತ್ತೆ. ಕಂಪ್ಯೂಟರನ್ನು ಮತ್ತೆ ಹಚ್ಚಿದೆ, ಬಸವಣ್ಣ ಅಲ್ಲೇ ಇದ್ದ. ಅದಲ್ಲದಿದ್ದರೆ ಅದರ ಆಚೀಚಿನದು ಇರಬೇಕೆಂದು ಅದನ್ನೂ ಕಿತ್ತೆ. ಪೂರ್ತಿ ಅಳಿಸಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು, ಅಳಿಸು ಎಂದೆ. ಏನನ್ನು ಅಳಿಸುತ್ತಿದ್ದೇನೆ ಎಂದು ಓದಲು ಪುರುಸೊತ್ತಿರಲಿಲ್ಲ, ಅವ್ವ ಬೆನ್ನ ಹಿಂದೆ ನಿಂತು "ಅಕ್ಕ ಬಂದು ಕುಂತಿರ್ತಾಳ, ಲಗೂ ಮಾಡಲೇ" ಎನ್ನುತ್ತಿದ್ದಳು. ಅಷ್ಟರಲ್ಲಿ ಚಹಾ ತಂದ ಗಿರಿಜಾ ಲೋಟ ಇಡಲು ಜಾಗ ಮಾಡಲೆಂದು ಮೌಸನ್ನು ಎತ್ತಿದಳು.

"ರೀ, ಇದರ ಹೊಟ್ಯಾಗ ವಿಭೂತಿ ಐತಿ ನೋಡ್ರಿ."

"ಅಲ್ಲೇ ಕೆಂಪು ದೀಪ ಉರೀತಿತ್ತು," ಎಂದಳು ಅವ್ವ. "ದೀಪ ಇದ್ದಲ್ಲಿ ವಿಭೂತಿ ಹಚ್ಚಬೇಕೋ ಬ್ಯಾಡೋ?"

ಗಿರಿಜಾ ಸೆರಗಿನ ತುದಿಯಿಂದ ಒರೆಸಿ, ಉಫ್ ಎಂದು ಊದಿ ಕೆಳಗಿಟ್ಟಳು. ಬಾಣ ಓಡಾಡತೊಡಗಿತು, ನಾನು ಚಹಾ ಕುಡಿದೆ.

ಪರದೆಯ ಮೇಲೆ ದೊಡ್ಡವ್ವ ಮೂಡಿದಳು. ಹೊಸ ಸೀರೆ, ಹಣೆ ತುಂಬ ವಿಭೂತಿ. ಬಾಯಿ ಆಡುತ್ತಿತ್ತು, ಧ್ವನಿ ಇರಲಿಲ್ಲ. ಆಚೀಚಿನದೆಂದು ನಾನು ಕಿತ್ತದ್ದು ಸೌಂಡಿನ ಡ್ರೈವರ್. ನಮ್ಮ ಮೈಕೂ ಅದರ ಕೈಕೆಳಗಿನದೇ. ಅಲ್ಲಿಂದ ಬರುವುದೂ ಇಲ್ಲ, ಇಲ್ಲಿಂದ ಹೋಗುವುದೂ ಇಲ್ಲ. ಅವ್ವ ಏನೋ ಹೇಳಿದಳು. ದೊಡ್ಡವ್ವ ಮುಂದೆ ಬಾಗಿ ಕಿವಿಗೆ ಕೈ ಕೊಟ್ಟು ತಲೆ ಆಡಿಸಿದಳು. ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ದೊಡ್ಡವ್ವ ಅದನ್ನು ನೋಡಿ ತಾನೂ ಒತ್ತಿಕೊಂಡಳು. ಧ್ವನಿ ಬರುತ್ತಿಲ್ಲ ಎಂದು ಹೇಳಲು ನಾನು ಬಾಯಿ ತೆರೆದರೆ, ಅವ್ವ ಸುಮ್ಮನಿರು ಎಂದು ಕೈ ಬೀಸಿದಳು. ಕಡೆಗೆ ಅವ್ವ ಹಣೆ ಕೀಲಿಮಣೆಗೆ ತಾಗುವಷ್ಟು ಬಾಗಿದಳು, ದೊಡ್ಡವ್ವ ಎರಡೂ ಕೈ ಎತ್ತಿದಳು, ಮೀಟಿಂಗ್ ಮುಗಿಯಿತು.

"ಏನರ ಅನ್ನು, ಅಕ್ಕ ದೊಡ್ಡ ಮನಸಿನಾಕಿ," ಎಂದಳು ಅವ್ವ. "ತಪ್ಪಾತು ಅಂತ ಕಿವಿ ಹಿಡಕೊಂಡ್ಲು. ನಾನೂ ಅಷ್ಟಕ್ಕ ಬಿಟ್ಟುಬಿಟ್ಟೆ."

"ಅವ್ವಾ, ಧ್ವನಿನ ಇರಲಿಲ್ಲಲ್ಲ?"

"ಒಡಹುಟ್ಟಿದಾರಿಗೆ ಧ್ವನಿ ಯಾಕ ಬೇಕಲೇ?"

ಸಂಜೆ ಬಸಣ್ಣ ಫೋನ್ ಮಾಡಿ, "ನಮ್ಮವ್ವ ಭಾಳ ಖುಷಿಯಾಗ್ಯಾಳ. ನಿಮ್ಮವ್ವ ತಪ್ಪಾತು ಅಂತ ಕಾಲಿಗೆ ಬಿದ್ಲಂತಲ್ಲೋ" ಎಂದ. ಮುಂದಿನ ಸೋಮವಾರ ಮತ್ತೆ ಕೂಡಬೇಕೆಂದು ನಿಶ್ಚಯವಾಯಿತು. ಆ ರಾತ್ರಿ ಅವ್ವ ಹೋಳಿಗೆಯನ್ನು ಪೂರ್ತಿ ತಿಂದಳು, ಇನ್ನೊಂದು ಹಾಕಿಸಿಕೊಂಡಳು.

ನಾನು ಇಲ್ಲಿಗೆ ಸುಮ್ಮನಿದ್ದಿದ್ದರೆ ಮನುಷ್ಯನಾಗುತ್ತಿದ್ದೆ. ಆದರೆ ನಾನು ಜೋಡಿಸಿದ ಯಂತ್ರ ಮೂಗನಾಗಿ ಕೂತಿರುವುದನ್ನು ನೋಡಿಕೊಂಡು ಊಟ ಸೇರುವುದು ಹೇಗೆ? ಮದರ್‌ಬೋರ್ಡಿನ ಡಬ್ಬಿ ಹುಡುಕಿ, ಅದರ ಮೇಲಿದ್ದ ಹೆಸರನ್ನು ಅಕ್ಷರ ಬಿಡದೆ ಹೊಡೆದು ಡ್ರೈವರ್ ಇಳಿಸಿದೆ. ಇದು ನಿಮ್ಮ ಕಂಪ್ಯೂಟರಿಗೆ ಹೊಂದುವುದಿಲ್ಲ ಎಂದಿತು. ಮತ್ತೆ ಇಳಿಸಿದೆ, ಮತ್ತೆ ಅದೇ ಮಾತು. ವಾರವೆಲ್ಲ ಇದೇ ಆಯಿತು, ಅಂಗಡಿಗೆ ಬಂದವರು ವಾಲ್ವ್ ಕೇಳಿದರೆ ಬೇರಿಂಗ್ ಕೊಟ್ಟು ಕಳಿಸಿದೆ. ಕಡೆಗೆ ಕ್ಯಾಬಿನೆಟ್ ಬಿಚ್ಚಿ ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಬೋರ್ಡಿನ ಮೈಮೇಲೆ ಬರೆದಿದ್ದ ಹೆಸರೇ ಬೇರೆ. ಮಾರಿದವನು ಕೈಗೆ ಸಿಕ್ಕ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದ. ನಮ್ಮ ಅಡುಗೆಮನೆಯಲ್ಲಿ ಬಿಸ್ಕೀಟಿನ ಡಬ್ಬಿಯಲ್ಲಿ ಸಾಸಿವೆ ಇರುತ್ತದೆ, ಕಾಫಿಪುಡಿಯ ಬಾಟಲಿಯಲ್ಲಿ ಇಂಗು, ತುಪ್ಪದ ಡಬ್ಬಿಯಲ್ಲಿ ಸೂಜಿ ದಾರ. ಹುಟ್ಟಿದಾಗಿನಿಂದ ಇಂಥ ಮನೆಯಲ್ಲಿ ಉಂಡವನು ಡಬ್ಬಿಯ ಮೇಲಿನ ಬರಹವನ್ನು ನಂಬಿದ್ದೆ. ಸರಿಯಾದ ಡ್ರೈವರ್ ಹಾಕಿದೊಡನೆ ಸ್ಪೀಕರು ಟಿಂವ್ ಎಂದಿತು. ಅವ್ವ ಒಳಗಿನಿಂದ ಓಡಿ ಬಂದಳು.

"ಯಾಕಲೇ ಮುಟ್ಟಿದಿ? ಚಲೋ ಇತ್ತಲ್ಲ."

"ಈಗ ಇನ್ನೂ ಚಲೋ ಆಗ್ತತಿ ನೋಡವ್ವ," ಎಂದೆ.

ಸೋಮವಾರ ದೊಡ್ಡವ್ವನ ಬಳೆಯ ಸದ್ದೂ ಕೇಳುವಷ್ಟು ಸ್ಪಷ್ಟವಾಗಿತ್ತು.

"ಅರಾಮದೀಯೇನ ಅಕ್ಕಾ?" ಎಂದಳು ಅವ್ವ.

"ಅರಾಮದೀನವ್ವ. ಹ್ವಾದ ವಾರ ನೀ ತಪ್ಪಾತು ಅಂದಿ, ನನಗ ಅಷ್ಟ ಸಾಕು."

"ನಾನೆಲ್ಲಿ ಅಂದೆ? ನೀನ ಕಿವಿ ಹಿಡಕೊಂಡಿ!"

"ಕೇಳಸವಲ್ದು ಅಂತ ತೋರಿಸಿದ್ನೆವ್ವ! ಕಾಲಿಗೆ ಬಿದ್ದಾಕಿ ನೀನು!"

"ಕಾಲಿಗಾ? ನನ್ನ ಕಣ್ಣಿನ ಚಾಳೇಸ ಬಿದ್ದಿತ್ತು, ಬಗ್ಗಿ ಹುಡುಕಿದೆ!"

ಮುಂದಿನದನ್ನು ವಿವರವಾಗಿ ಹೇಳುವುದಿಲ್ಲ. ಹಸಿರು ಪೀಸು ಬಂತು, ಪಂಚಮಿ ಬಂತು, ಎಮ್ಮೆಯೂ ಬಂತು. ಓಣಿಯವರು ಕಿಟಕಿಗೆ ಬಂದರು. ತಾಂತ್ರಿಕವಾಗಿ ಯಾವ ದೋಷವೂ ಇರಲಿಲ್ಲ. ಅಲ್ಲಿ ಆಡಿದ ಮಾತು ಇಲ್ಲಿ, ಇಲ್ಲಿ ಆಡಿದ್ದು ಅಲ್ಲಿ, ಒಂದಕ್ಷರ ಪೋಲಾಗದೆ ಮುಟ್ಟುತ್ತಿತ್ತು. ದೊಡ್ಡವ್ವ ಎದ್ದು ಹೋದಳು. ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು.

"ಲೇ ವೀರೇಶ, ಯಾವ ಶನಿ ಹೆಗಲೇರಿತ್ತಲೇ ನಿನಗ?" ಎಂದು ಬಸಣ್ಣ ಫೋನಿನಲ್ಲಿ ಕೂಗಾಡಿದ. "ಕೆಟ್ಟಿದ್ದನ್ನ ಸರಿ ಮಾಡು ಅಂತ ಯಾರು ಹೇಳಿದ್ರು?" ಅವ್ವ ನನ್ನ ಜೊತೆ ಮಾತು ಬಿಟ್ಟಳು; ಏನಿದ್ದರೂ ಗಿರಿಜಾಳ ಮೂಲಕ. ಹೋಳಿಗೆ ಮತ್ತೆ ಅರ್ಧಕ್ಕೆ ಬಂತು. ನನಗೆ ನಿಜಕ್ಕೂ ಕೆಡುಕೆನಿಸಿತು. ವರ್ಷದಿಂದ ಇಲ್ಲದ ಅಕ್ಕ ಒಂದು ವಾರದ ಮಟ್ಟಿಗೆ ಸಿಕ್ಕಿದ್ದಳು, ನನ್ನ ಹಟಕ್ಕೆ ಅವಳನ್ನು ಮತ್ತೆ ಕಳೆದಿದ್ದೆ.

ಮುಂದಿನ ಸೋಮವಾರ ನಾನು ಅಂಗಡಿಗೆ ಹೊರಟಿದ್ದೆ. ಅವ್ವ ಮಡಿಚಿಟ್ಟ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಳು.

"ತಮ್ಮಾ, ಅದನ್ನ ಮದ್ಲಿನಂಗ ಕೆಡಿಸು," ಎಂದಳು.

"ಕೆಡಸೋದು ಬ್ಯಾಡವ್ವ. ಒಂದು ಗುಂಡಿ ಒತ್ತಿದ್ರ ಧ್ವನಿ ನಿಂತು ಹೋಗ್ತತಿ."

"ಗುಂಡಿ ಗಿಂಡಿ ಬ್ಯಾಡ. ಬೇಕಂತನ ನನ್ನ ಬಾಯಿ ಮುಚ್ಚಿಸ್ಯಾಳ ಅಂತಾಳ ಅಕ್ಕ. ತಾನ ಕೆಟ್ಟೈತಿ ಅನ್ನು. ನನಗ ಜೋಡಸಾಕ ಬರಲಿಲ್ಲ ಅಂತ ಬಸಣ್ಣಗ ಹೇಳು."

ರಿಪೇರಿಯ ಅಂಗಡಿ ಇಟ್ಟವನ ಬಾಯಲ್ಲಿ ಬರಬಾರದ ಮಾತು ಅದು. ಅವ್ವನ ಮುಖ ನೋಡಿದೆ. ಫೋನ್ ಹಚ್ಚಿ ಹೇಳಿದೆ. ಬಸಣ್ಣ ನಗುವನ್ನು ನುಂಗಿಕೊಂಡು, "ಅವ್ವಾ, ವೀರೇಶಗ ಬರಂಗಿಲ್ಲಂತ, ಧ್ವನಿ ಮತ್ತ ಹೋಗೈತಂತ" ಎಂದು ಮನೆ ತುಂಬ ಕೇಳುವ ಹಾಗೆ ಕೂಗಿದ. ನಾನು ಡ್ರೈವರನ್ನು ಕಿತ್ತೆ. ದೊಡ್ಡವ್ವ ಬಂದು ಕೂತಳು.

ಈಗ ಪ್ರತಿ ಸೋಮವಾರ ಅವರಿಬ್ಬರೂ ಮನದಣಿಯೆ ಮಾತಾಡುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ, ಆದ್ದರಿಂದ 'ಹೌದೌದು' ಎಂದು ತಲೆ ಆಡಿಸಲು ಅಡ್ಡಿಯೇನೂ ಇಲ್ಲ. ಅವ್ವ ಮೈ ತುಂಬಿಕೊಂಡಿದ್ದಾಳೆ. ನನ್ನ ಸುದ್ದಿ ಮಾತ್ರ ನೆಂಟರಲ್ಲೆಲ್ಲ ಹರಡಿದೆ. ಮೊನ್ನೆ ಹಂಪಸಾಗರದ ಗಿರಾಕಿಯೊಬ್ಬ ಸ್ಟಾರ್ಟರ್ ಕೊಂಡವನು, "ಹಂಗ ಡಬ್ಬಿ ಸಮೇತ ಕೊಡ್ರಿ, ನೀವು ಬಿಚ್ಚಬ್ಯಾಡ್ರಿ" ಎಂದ.

ಹೋದ ಸೋಮವಾರ ಹೀಗೇ ಅವ್ವನ ಪಕ್ಕದಲ್ಲಿ ನಿಂತಿದ್ದೆ. ದೊಡ್ಡವ್ವ ಪರದೆಯೊಳಗಿಂದ ನನ್ನ ಕಡೆ ಬೆರಳು ತೋರಿಸಿ, ಪಕ್ಕದಲ್ಲಿದ್ದ ಬಸಣ್ಣನಿಗೆ ಏನೋ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. 'ದಡ್ಡ' ಎಂಬ ಮಾತನ್ನು ತುಟಿಯ ಮೇಲೆ ಗುರುತು ಹಿಡಿಯಲು ಯಾರಿಗೂ ಸೌಂಡ್ ಬೇಕಾಗುವುದಿಲ್ಲ.

"ಏನಂದ್ಲವ್ವ ದೊಡ್ಡವ್ವ?" ಎಂದು ಕೇಳಿದೆ.

"ನೂರು ವರ್ಷ ಬಾಳಲಿ ನನ್ನ ಮಗ ಅಂದ್ಲು," ಎಂದಳು ಅವ್ವ, ಪರದೆಯಿಂದ ಕಣ್ಣು ತೆಗೆಯದೆ.

ನಾನು ಪರದೆಗೆ ಕೈ ಮುಗಿದೆ.