ದೊಡ್ಡಣ್ಣನ ಟಗರು

ಮಿಕ್ಕೋಸ ಕೆಟ್ಟದ್ದು ಒಂದೇ ಒಂದು ಮಾತಿನಿಂದ.

ಆಗಿನ್ನೂ ನಮ್ಮ ದ್ವೀಪದ ಬಂದರಿಗೆ ಕಲ್ಲಿನ ಕಟ್ಟೆ ಇರಲಿಲ್ಲ. ದೋಣಿಗಳನ್ನು ಮರಳಿನ ಮೇಲೆ ಎಳೆದು, ಹಾಲು ಕುಡಿಯುವ ಹಂದಿಮರಿಗಳ ಹಾಗೆ ಸಾಲಾಗಿ ಮಲಗಿಸುತ್ತಿದ್ದೆವು. ಬೆಳಗಾದರೆ ಸುಟ್ಟ ಮೀನಿನ ವಾಸನೆ, ಆಲಿವ್ ಎಣ್ಣೆಯ ವಾಸನೆ, ಅದರ ಜೊತೆಗೆ ಒಂದು ಜಗಳ. ಈಗ ಬಂದರು ದೊಡ್ಡದಾಗಿದೆ, ಜಗಳಗಳು ಚಿಕ್ಕವಾಗಿಬಿಟ್ಟಿವೆ. ಈಗಿನವರು ಜಾಗಕ್ಕೆ ಜಗಳವಾಡುತ್ತಾರೆ, ಬಲೆಗೆ ಜಗಳವಾಡುತ್ತಾರೆ. ದೇವರ ವಯಸ್ಸಿಗೆ ಜಗಳವಾಡುವವರು ಎಲ್ಲಿದ್ದಾರೆ?

ಅದು ಬಂಗುಡೆ ಬರುವ ಕಾಲ. ಆ ನಾಲ್ಕಾರು ದಿನ ಬಲೆ ತುಂಬಿದರೆ ಚಳಿಗಾಲವೆಲ್ಲ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಒಣ ಅಂಜೂರ ಚೀಪಿಕೊಂಡಿರಬೇಕು. ಮಿಕ್ಕೋಸ ಮತ್ತು ಅವನ ಹೆಂಡತಿಯ ತಮ್ಮ ಗೊರ್ಗೋಸ ಬೆಳಗ್ಗೆ ಕೊಲ್ಲಿಯಾಚೆ ಮೀನು ನೋಡಿ ಬರಲು ಹೋದಾಗ ಗಾಳಿ ಎದ್ದಿತು. ತಲೆಯ ಮೇಲೆ ಸಿಡಿಲು, ಕಾಲ ಕೆಳಗೆ ಅಲೆ. ಸಿಡಿಲು ಆಕಾಶದೊಡೆಯ ಜೀಯಸನದು, ಅಲೆ ಕಡಲೊಡೆಯ ಪೊಸೈಡನನದು. ಇಬ್ಬರೂ ಒಡಹುಟ್ಟಿದವರು. ಚೀಟಿ ಎತ್ತಿ ಪಾಲು ಮಾಡಿಕೊಂಡಾಗ ಆಕಾಶ ಸಿಕ್ಕವನಿಗೆ ಗತ್ತು ಬಂತು, ಉಪ್ಪುನೀರು ಸಿಕ್ಕವನಿಗೆ ಹೊಟ್ಟೆಯುರಿ ಬಂತು. ಒಬ್ಬನ ಹೆಸರು ಹಿಡಿದು ಹರಕೆ ಹೊತ್ತರೆ ಇನ್ನೊಬ್ಬ ಮುನಿಯುತ್ತಾನೆ. ಇಬ್ಬರಿಗೂ ಹೊರೋಣವೆಂದರೆ ಮನೆಯಲ್ಲಿರುವುದು ಒಂದೇ ಟಗರು.

ಮಿಕ್ಕೋಸ ತನ್ನನ್ನು ತಾನು ಜಾಣನೆಂದುಕೊಂಡವನು. ಬಾಯಿಗೆ ನುಗ್ಗಿದ ನೀರನ್ನು ಉಗುಳಿ ಕೂಗಿದ: "ಅಣ್ತಮ್ಮಂದಿರಲ್ಲಿ ಯಾರು ದೊಡ್ಡಣ್ಣನೋ ಅವನಿಗೆ ನನ್ನ ಟಗರು ಕೊಡ್ತೀನಪ್ಪಾ, ದಡ ಸೇರಿಸು."

ದೊಡ್ಡಣ್ಣ ನಾನೇ ಎಂದು ಇಬ್ಬರೂ ಹಿಗ್ಗಲಿ ಎಂಬುದು ಅವನ ಉಪಾಯ. ಉಕ್ಕಿದ ಹಾಲಿಗೆ ನೀರು ಚಿಮುಕಿಸಿದ ಹಾಗೆ ಕಡಲು ಇಳಿಯಿತು.

ದಡಕ್ಕೆ ಬರುವಷ್ಟರಲ್ಲಿ ಬಂಡೆಯ ಮೇಲಿನ ಕಾವಲಿನವನು ಅಂಗಿ ಬೀಸುತ್ತಿದ್ದ. ಬಂಗುಡೆ ಹಿಂಡು ಕೊಲ್ಲಿಯ ಬಾಯಿಗೆ ಬಂದಿತ್ತು. ಮಿಕ್ಕೋಸ ಬಲೆ ಹೊತ್ತು ಓಡಿಬಂದರೆ ಗೊರ್ಗೋಸ ಮರಳಿನ ಮೇಲೆ ಕೂತೇಬಿಟ್ಟಿದ್ದ. ಆ ಬಲೆ ಒಬ್ಬನಿಂದ ಎಳೆಯುವಂಥದ್ದಲ್ಲ.

"ಹರಕೆ ತೀರಿಸ್ದೆ ನಾನು ದೋಣಿಗೆ ಕಾಲಿಡಲ್ಲ ಭಾವ."

"ತೀರಿಸೋಣ ಕಣೋ, ಮೊದ್ಲು ಮೀನು."

"ಮೀನು ದೇವರ ಮನೇದು. ಅವರ ಬಾಗಿಲಲ್ಲಿ ಸುಳ್ಳು ಹೇಳಿ, ಅವರ ಮನೆಗೇ ನುಗ್ತೀಯಾ? ಹೋಗು, ಟಗರು ಕಡ್ದು ಬಾ."

"ಯಾರಿಗೆ ಅಂತ ಕಡೀಲಿ?"

"ದೊಡ್ಡಣ್ಣಂಗೆ ಅಂದೋನು ನೀನು. ನನ್ನನ್ಯಾಕೆ ಕೇಳ್ತೀಯಾ?"

ಮಿಕ್ಕೋಸ ಟಗರನ್ನು ಎಳೆದುಕೊಂಡು ಗುಡ್ಡ ಹತ್ತಿದ. ಮೇಲೆ ಜೀಯಸನ ಪೂಜಾರಿ ಹೆರ್ಮೋನ, ಕೊಕ್ಕರೆಯಂಥ ಆಳು. ಟಗರನ್ನು ಕಂಡದ್ದೇ ಚಾಕು ಮಸೆಯತೊಡಗಿದ. ಬಲಿಯ ತೊಡೆ, ಚರ್ಮ ಎರಡೂ ಪೂಜಾರಿಗೆ ಸೇರಬೇಕಲ್ಲ.

"ಸ್ವಾಮಿಗಳೇ, ಇದು ದೊಡ್ಡಣ್ಣನ ಟಗರು."

"ಸರಿಯಾದ ಕಡೆಗೇ ತಂದಿದ್ದೀಯ."

"ಅಲ್ಲ, ನಿಮ್ಮ ದೇವರು ಕಡೇ ಮಗ ಅಂತಾರಲ್ಲ?"

"ಯಾವನಂದೋನು?"

ಉತ್ತರ ಗುಡ್ಡದ ಕೆಳಗಿನಿಂದ ಬಂತು. "ನಾನಂದೋನು." ಕಡಲದೇವರ ಪೂಜಾರಿ ಬಾಟೋನ, ಏದುಸಿರು ಬಿಡುತ್ತ ಉರುಳಿಕೊಂಡೇ ಬಂದವನಂತೆ ಮೇಲೆ ಬಂದು ಟಗರಿನ ಬಾಲ ಹಿಡಿದುಕೊಂಡ. ಸುದ್ದಿ ಅವನಿಗೆ ಮುಟ್ಟಿಸಿದ್ದು ಗೊರ್ಗೋಸನೇ. ಬಾಟೋನನ ಹಿಂದೆ ಅರ್ಧ ಊರು, ಎಲ್ಲರ ಕೈಯಲ್ಲೂ ಬಟ್ಟಲು. ಯಾವ ದೇವರಿಗೆ ಕಡಿದರೂ ಹೊಗೆ ದೇವರಿಗೆ, ಬಾಡು ಊರಿಗೆ.

ಹೆರ್ಮೋನ ತಾನು ಹಿಡಿದಿದ್ದ ಕೊಂಬು ಬಿಡಲಿಲ್ಲ. "ನೋಡ್ರಪ್ಪ, ಅಪ್ಪ ಕ್ರೋನೋಸ ಹುಟ್ಟಿದ ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದ. ತಪ್ಪಿಸಿಕೊಂಡೋನು ನಮ್ಮೋನೊಬ್ಬನೇ. ಗುಹೇಲಿ ಬೆಳೆದ, ಗಡ್ಡ ಬಂತು, ಆಮೇಲೆ ತಾನೇ ಅಪ್ಪನ ಕೈಲಿ ಇವರನ್ನೆಲ್ಲ ಕಕ್ಕಿಸಿದ್ದು? ಗಡ್ಡ ಬಂದೋನು ಅಣ್ಣನೋ, ಎಳೆಗೂಸು ಅಣ್ಣನೋ?"

"ಜಾಡಿ ಬಾಯಿ ಮುಚ್ಚಿಟ್ರೆ ದ್ರಾಕ್ಷಾರಸಕ್ಕೆ ವಯಸ್ಸಾಗಲ್ವೇನಯ್ಯ?" ಎಂದ ಬಾಟೋನ. "ಹೊಟ್ಟೇಲಿದ್ರೂ ವರ್ಷ ವರ್ಷವೇ."

"ಎರಡನೇ ಸಲ ಹುಟ್ಟಿದ್ದಲ್ವಾ ಅವರು?"

"ಹುಟ್ಟಿದ್ದು ಒಂದೇ ಸಲ."

ಕೊಂಬಿನ ಕಡೆಯವರು, ಬಾಲದ ಕಡೆಯವರು ಎಂದು ಊರು ಇಬ್ಭಾಗವಾಯಿತು. ಟಗರು ಮಾತ್ರ ಯಾರ ಕಡೆಯೂ ಸೇರದೆ ಹೆರ್ಮೋನನ ಅಂಗಿಯ ಅಂಚನ್ನು ಮೇಯುತ್ತಿತ್ತು. ಕೆಳಗೆ ಕೊಲ್ಲಿಯಲ್ಲಿ ಬೇರೆಯವರ ದೋಣಿಗಳು ಇಳಿಯುತ್ತಿರುವುದನ್ನು ನೋಡಿ ಮಿಕ್ಕೋಸ ಇಬ್ಬರು ಪೂಜಾರಿಗಳ ನಡುವೆ ನುಗ್ಗಿದ.

"ಸ್ವಾಮಿ, ಬೇಗ ಒಂದು ತೀರ್ಮಾನ ಮಾಡಿ. ಮೀನು ಕಾಯಲ್ಲ."

ಗುಡಿಯ ಪಕ್ಕದ ಬಾವಿಯಿಂದ ನೀರಿನ ಕೊಡ ಹೊತ್ತು ಬಂದ ಅವನ ಹೆಂಡತಿ ಮಿರ್ತೋ ನಾಲ್ಕು ಹೆತ್ತವಳು. ಗಂಡಸರ ಮಾತು ಕೇಳಿ ಕೇಳಿ ಅವಳಿಗೆ ಸಾಕಾಯಿತು. "ತಾಯಿ ಹೊಟ್ಟೆಯಿಂದ ಬಂದ್ರೆ ಹುಟ್ಟು. ಗಂಡಸಿನ ಹೊಟ್ಟೆಯಿಂದ ಬಂದ್ರೆ ಅದು ವಾಂತಿ. ಇಷ್ಟು ತಿಳಿಯಕ್ಕೆ ಇಷ್ಟೊತ್ತು ಬೇಕಾ ನಿಮಗೆ?"

ಬಾವಿಕಟ್ಟೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ. ಅಂಥ ಗಂಟಲುಗಳು ಈಗ ಹುಟ್ಟುವುದಿಲ್ಲ. ಗುಂಪಿಗೆ ಗುಂಪೇ ಬಾಲದ ಕಡೆಗೆ ವಾಲಿತು.

ಬಾಟೋನನ ಮುಖ ಹುಣ್ಣಿಮೆಯಾಯಿತು. "ಒಪ್ಕೊಂಡ್ಯಾ ಹೆರ್ಮೋನ? ತಾಯಿ ಹೆತ್ತ ವರಸೆಯೇ ವರಸೆ. ದೇವರುಗಳು ಹುಟ್ಟಿದ ಹಾಡು ನಿನಗೆ ಬಾಯಿಪಾಠ ತಾನೇ? ಹೇಳು, ಎಲ್ಲರೂ ಕೇಳಲಿ."

ಸೋತ ಹೆರ್ಮೋನ ಬೆರಳು ಮಡಿಸುತ್ತ ರಾಗವಾಗಿ ಶುರುಮಾಡಿದ. "ಮೊದಲು ಹುಟ್ಟಿದಳು ಒಲೆಯ ತಾಯಿ. ಆಮೇಲೆ ಪೈರಿನ ತಾಯಿ. ಆಮೇಲೆ ಮದುವೆಮನೆ ಕಾಯೋ ಹೇರಾ."

"ಮೂರೂ ಹೆಣ್ಣು," ಎಂದ ಬಾಟೋನ. "ಮೊದಲ ಗಂಡು ಯಾರು, ಗಟ್ಟಿಯಾಗಿ ಹೇಳು."

ಹೆರ್ಮೋನ ನಾಲ್ಕನೆಯ ಬೆರಳು ಹಿಡಿದ. ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು.

ಅವನ ಮುಖ ನೋಡಿದ ಬಾಟೋನನೂ ಮನಸ್ಸಿನಲ್ಲೇ ಹಾಡು ಹೇಳಿಕೊಂಡ. ಟಗರಿನ ಬಾಲ ಕೆಂಡವಾಯಿತೇನೋ ಎಂಬಂತೆ ಕೈ ಬಿಟ್ಟ. ಪೊಸೈಡನ ಐದನೆಯವನು, ಜೀಯಸ ಆರನೆಯವನು. ಇಬ್ಬರಿಗೂ ದೊಡ್ಡಣ್ಣನಾದವನೊಬ್ಬ ಇದ್ದಾನೆ. ಚೀಟಿಯಲ್ಲಿ ಭೂಮಿಯಡಿಯ ಕತ್ತಲೆ ಸಿಕ್ಕವನು, ಸತ್ತವರನ್ನೆಲ್ಲ ಆಳುವವನು. ನಮ್ಮಲ್ಲಿ ಅವನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹೇಳದೆ ಹೇಳದೆ ಊರಿಗೆ ಊರೇ ಅವನನ್ನು ಮರೆತುಬಿಟ್ಟಿತ್ತು.

"ಇದು ನನ್ನ ಗುಡಿಗೆ ಸೇರಿದ್ದಲ್ಲ," ಎಂದ ಹೆರ್ಮೋನ.

"ನನಗೂ ಅಲ್ಲಪ್ಪ," ಎಂದ ಬಾಟೋನ. ಆ ಇಬ್ಬರು ಒಂದು ಮಾತಿಗೆ ಒಪ್ಪಿದ್ದು ಅದೊಂದೇ ಸಲ. ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಗುಡ್ಡ ಇಳಿದರು. ಈಗ ಇಬ್ಬರೂ ಆ ದೊಡ್ಡಣ್ಣನ ಊರಲ್ಲೇ ಇದ್ದಾರೆ. ಅಲ್ಲಿ ಯಾವುದಕ್ಕೆ ಜಗಳವಾಡುತ್ತಿದ್ದಾರೋ.

ಅವನ ಬಲಿಯಲ್ಲಿ ಊರಿಗೆ ಪಾಲಿಲ್ಲ. ಗುಂಡಿ ತೋಡಿ, ಮುಖ ತಿರುಗಿಸಿಕೊಂಡು, ಇಡೀ ಟಗರನ್ನು ಬೂದಿಯಾಗುವವರೆಗೆ ಸುಡಬೇಕು. ಮಿಕ್ಕೋಸ ಸುಟ್ಟ. ಊರವರು ಬಟ್ಟಲನ್ನು ಬೋರಲು ಹಿಡಿದು, ಮೂಗಿನಲ್ಲೇ ಉಂಡು ಮನೆಗೆ ಹೋದರು.

ಹೊತ್ತು ಇಳಿಯುತ್ತಿತ್ತು. ಕೊಲ್ಲಿಯಲ್ಲಿ ಬಂಗುಡೆ ಇನ್ನೂ ಬೆಳ್ಳಿ ಚೆಲ್ಲಿದಂತೆ ಮಿನುಗುತ್ತಿತ್ತು. ಮಿಕ್ಕೋಸ ಮೈಯೆಲ್ಲ ಮಸಿಯಾಗಿ ಓಡಿಬಂದು ದೋಣಿಯ ಹಗ್ಗ ಬಿಚ್ಚಿದ.

"ಹರಕೆ ತೀರಿತು ಗೊರ್ಗೋಸ. ಏಳು, ಹತ್ತು."

ಗೊರ್ಗೋಸ ಎದ್ದ, ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ತೀರಿತು ಭಾವ, ಅದೇ ಹೆದರಿಕೆ. ಆ ದೊಡ್ಡಣ್ಣನ ಅಂಗಡಿಗೆ ತಾನಾಗೇ ಬಂದು, ಮಾತಿಗೆ ತಪ್ಪದೆ ಕೊಟ್ಟು ಹೋದ ಗಿರಾಕಿ ನೀನೊಬ್ಬನೇ. ನಿನ್ನನ್ನ ಅವನು ಮರೀತಾನಾ?"