ಹೂಮಾಲೆಗೆ ಹಾರಿದ ಬಂದೂಕು

ಈ ಸಂಗತಿಯನ್ನು ಬರೆಯುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಮೊದಲು ಹೆಸರು ಕೆಟ್ಟೀತೆಂದು ಬರೆಯಲಿಲ್ಲ. ಕೆಡಲು ಅಂಥ ಹೆಸರೇನೂ ಇಲ್ಲವೆಂದು ತಿಳಿದ ಮೇಲೆ ಕನ್ನಡಕ ಸಿಗಲಿಲ್ಲ, ಆಮೇಲೆ ಮೊಣಕಾಲು ನೋವು ಬಂತು. ಬರೆಯುವುದಕ್ಕೆ ಮೊಣಕಾಲು ಯಾಕೆ ಬೇಕೆಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳದು ನಾಲ್ಕನೆಯ ಇಯತ್ತೆ, ನನ್ನದು ಮ್ಯಾಟ್ರಿಕ್. ನೆಪ ಹುಡುಕಲು ಕೂಡ ಒಂದಿಷ್ಟು ವಿದ್ಯೆ ಬೇಕಲ್ಲವೆ?

ನಮ್ಮ ಹೊಲ ಇರುವುದು ಲಕ್ಕಲಕಟ್ಟಿಯ ಆಚೆ, ಗುಡ್ಡದ ಸೆರಗಿನಲ್ಲಿ. ಅಲ್ಲಿನ ಗೋವಿನಜೋಳವನ್ನು ನಾವು ತಮಗಾಗಿಯೇ ಬಿತ್ತುತ್ತೇವೆಂದು ಕಾಡುಹಂದಿಗಳು ತಿಳಿದಿವೆ. ಅವನ್ನು ಹೆದರಿಸಲು ಅಪ್ಪನ ಕಾಲದ, ಪರವಾನಗಿ ಇರುವ ಬಂದೂಕೊಂದು ಮನೆಯಲ್ಲಿದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕಬ್ಬಿಣದ ಸಲಾಕೆಯಿಂದ ಜಡಿಯಬೇಕು. ಅಷ್ಟರಲ್ಲಿ ಹಂದಿಗಳ ಊಟ ಮುಗಿದು ಎಲೆ ಅಡಿಕೆಯ ಹೊತ್ತಾಗಿರುತ್ತದೆ. ಆದರೂ ಅದನ್ನು ರೈಫಲ್ಲೆಂದೇ ಕರೆಯಬೇಕೆಂಬುದು ಅಪ್ಪನ ಹುಕುಂ ಆಗಿತ್ತು. ಚುನಾವಣೆ ಬಂದಾಗಲೆಲ್ಲ ಅದು ರೋಣದ ಠಾಣೆಗೆ ಹೋಗಿ ತಿಂಗಳುಗಟ್ಟಲೆ ಕೂತು ಬರುತ್ತದೆ. ನಮ್ಮ ಮನೆತನದಲ್ಲಿ ಠಾಣೆ ನೋಡಿದ್ದು ಅದೊಂದೇ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಅದರ ಟ್ರಿಗರ್ ಮಾತ್ರ ಮಹಾ ಬಿಗಿ. ಎರಡು ಬೆರಳು ಸೇರಿಸಿ, ಹಲ್ಲು ಕಚ್ಚಿ ಎಳೆಯಬೇಕು. ಒಂದು ಕಣ್ಣು ಮುಚ್ಚಿ ಗುರಿ ಇಡಬೇಕಾದವನು ಆ ಜಗ್ಗಾಟದಲ್ಲಿ ಎರಡನ್ನೂ ಮುಚ್ಚುತ್ತಿದ್ದೆ. ಹಾಗೊಮ್ಮೆ ನಮ್ಮದೇ ಬೆದರುಗೊಂಬೆಯ ತಲೆ ಹಾರಿಹೋಯಿತು. ಅದಕ್ಕೂ ಅಷ್ಟಿಷ್ಟು ಅಂಜುತ್ತಿದ್ದ ಹಂದಿಗಳು ಮರುದಿನ ಸಂಸಾರ ಸಮೇತ ಬಂದವು.

ಆದರೂ ಸುಮ್ಮನಿರುತ್ತಿದ್ದೆನೋ ಏನೋ. ಮಗಳನ್ನು ಕೊಟ್ಟ ನರಗುಂದದ ಬೀಗರು ಸುಮ್ಮನಿರಗೊಡಲಿಲ್ಲ. ಕಾಳಿನ ವ್ಯಾಪಾರಿಗಳು, ಕಾಲುವೆ ನೀರಿನ ಹೊಲ, ಅವರಿಗೂ ಒಂದು ಬಂದೂಕು. ನನ್ನದನ್ನು ಜಗ್ಗಿ ನೋಡಿ, “ಏನ್ರಿ ಬೀಗರ, ಇದನ್ನ ಎಳಿಯಾಕ ಎತ್ತು ಹೂಡಬೇಕೇನ್ರಿ? ನಮ್ಮದು ಬೆರಳ ತೋರ್ಸಿದ್ರ ಸಾಕು, ಢಂ ಅಂತೈತಿ” ಎಂದರು. ಆ ಮಾತು ನನಗೆ ಗುಂಡಿಗಿಂತ ಸರಿಯಾಗಿ ತಾಗಿತು.

ಗಜೇಂದ್ರಗಡದಲ್ಲಿ ಬಂದೂಕು ದುರಸ್ತಿಯ ಪರವಾನಗಿ ಇದ್ದ ಕಮ್ಮಾರರೊಬ್ಬರಿದ್ದರು. ಸುತ್ತಲಿನ ಹಳ್ಳಿಗಳ ಬಂದೂಕುಗಳೆಲ್ಲ ಅವರ ಕೈಗೇ ಬರುತ್ತಿದ್ದವು. ಅವರು ನನ್ನದನ್ನು ಬಿಚ್ಚಿ, ಅಪ್ಪನ ಕಾಲದ ಜಿಡ್ಡು ತೆಗೆದು, ಎಣ್ಣೆ ಬಿಟ್ಟು ಕೊಟ್ಟರು. ಬಿಗಿ ತುಸು ಸಡಿಲಾಗಿತ್ತು.

“ಇನ್ನೂ ಹಗುರ ಮಾಡ್ರಿ,” ಅಂದೆ.

“ಬ್ಯಾಡ್ರಿ ಯಜಮಾನ್ರ. ಇನ್ನೂ ಹಗುರಾತಂದ್ರ ಅದು ಕೆಮ್ಮಿದ್ಹಂಗ. ಯಾವಾಗ ಬರ್ತೈತಿ ಹೇಳಾಕ ಬರೂದಿಲ್ಲ.”

“ನರಗುಂದದಾಗ ಮಾಡ್ಕೊಡ್ತಾರ.”

“ಹಂಗಂದ್ರ ಅಲ್ಲೇ ಹೋಗ್ರಿ. ನನ್ನ ಕೈಲೆ ಮಾತ್ರ ಆಗೂದಿಲ್ಲ,” ಎಂದು ನಕ್ಕರು.

ಮನೆಗೆ ಬಂದು ಕಬ್ಬಿಣ ತಿಕ್ಕುವ ಅರ ಹಿಡಿದೆ. ಹೈಸ್ಕೂಲಿನಲ್ಲಿ ಘರ್ಷಣೆಯ ಪಾಠ ಬಾಯಿಪಾಠ ಮಾಡಿದವನಿಗೆ ಕಮ್ಮಾರನ ಹಂಗೇಕೆ? ಬಡಿದು ಮದ್ದು ಹೊತ್ತಿಸುವ ಬಂದೂಕಿನ ಸುತ್ತಿಗೆಯನ್ನು ತಡೆದು ನಿಲ್ಲಿಸುವ ಸಣ್ಣ ಹಲ್ಲೊಂದು ಒಳಗಿರುತ್ತದೆ. ಅದನ್ನು ಒಂದು ಮಧ್ಯಾಹ್ನವೆಲ್ಲ ತಿಕ್ಕಿದೆ. ಹೆಂಡತಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, “ಹಲ್ಲ ತಿಕ್ಕೂದು ಮುಂಜಾನೆ ಮಾಡ್ತಾರ್ರಿ” ಎಂದಳು. ಸಂಜೆಯ ಹೊತ್ತಿಗೆ ಟ್ರಿಗರ್ ಬೆಣ್ಣೆಯಾಗಿತ್ತು.

ಮರುದಿನವೇ ಖಂಡೇಪೂಜೆ. ಕುಡುಗೋಲು, ಕೊಡಲಿಗಳ ನಡುವೆ ಬಂದೂಕನ್ನು ಗೋಡೆಗೆ ಆನಿಸಿ ಪೂಜಿಸಿ, ಬಳಿಕ ಹಿತ್ತಲಲ್ಲಿ ಆಕಾಶಕ್ಕೊಂದು ಗುಂಡು ಹಾರಿಸುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಬೀಗರು ಬಂದಿದ್ದರು. ತಡವಾಗಬಾರದೆಂದು ಮೊದಲೇ ಮದ್ದು ತುಂಬಿದ್ದೆ. ಗತ್ತಾಗಿ ಕಾಣಲೆಂದು ಸುತ್ತಿಗೆಯನ್ನೂ ಎಳೆದು ನಿಲ್ಲಿಸಿದ್ದೆ. ಹೆಂಡತಿ ಚೆಂಡು ಹೂವಿನ ಮಾಲೆ ಸುತ್ತಿ ಗಂಟು ಬಿಗಿದಳು. ದಾರ ಟ್ರಿಗರಿಗೆ ತಾಗಿತು.

ಹೊಗೆ ಇಳಿದಾಗ ತಗಡಿನ ಮಾಡಿಗೆ ತೂತು ಬಿದ್ದಿತ್ತು. ಹೆಂಡತಿಯ ಕೈಯಲ್ಲಿ ಅರ್ಧ ಮಾಲೆ ಇತ್ತು. ಅವಳ ಹಣೆಗೂ ನಳಿಗೆಗೂ ಒಂದು ಗೇಣು ಅಂತರವಿತ್ತು. ಇಲ್ಲಿ ನನಗೆ ನಗೆಮಾತು ಯಾವುದೂ ಹೊಳೆಯುವುದಿಲ್ಲ.

ಬೀಗರು ಜೋಳದ ಚೀಲಗಳ ಹಿಂದಿನಿಂದ ಎದ್ದು, “ಯಾವ ಮಗಾ ರೀ ಇದನ್ನ ರಿಪೇರಿ ಮಾಡಿದ್ದು?” ಎಂದರು.

“ಗಜೇಂದ್ರಗಡದವ,” ಎಂದೆ. ಯೋಚಿಸಲೇ ಇಲ್ಲ.

ಹೆಂಡತಿ ನನ್ನನ್ನೊಮ್ಮೆ ನೋಡಿ, ಉದುರಿದ ಹೂ ಆರಿಸತೊಡಗಿದಳು. ರಾತ್ರಿ ತಾಟು ಇಡುವಾಗ, “ಆ ಅರ ತಗೊಂಡು ನಿಮ್ಮ ನಾಲಿಗಿ ತಿಕ್ಕಬೇಕಿತ್ತು” ಎಂದಳು.

ಬೀಗರು ಹೋದ ಬಸ್ಸಿನಲ್ಲೇ ಸುದ್ದಿಯೂ ಹೋಯಿತು. ಮರುದಿನ ಬನ್ನಿ ಹಬ್ಬ. ಬನ್ನಿ ಎಲೆ ಕೊಟ್ಟು, ಹಿಂದಿನ ಮುನಿಸೆಲ್ಲ ಬಿಟ್ಟು, ಹಿರಿಯರ ಕಾಲು ಮುಟ್ಟುವ ದಿನ. ಸಂಜೆ ಕಮ್ಮಾರರೇ ನಮ್ಮ ಕಟ್ಟೆಗೆ ಬಂದರು. ಕಟ್ಟೆಯ ಮೇಲೆ ಓಣಿಯ ನಾಲ್ಕು ಜನ ಕೂತಿದ್ದರು. ಬಂದೂಕು ಕೇಳಿ ಬಿಚ್ಚಿದರು. ಹಲ್ಲಿನ ಮೇಲಿನ ಗೀರುಗಳನ್ನು ಬೆಳಕಿಗೆ ಹಿಡಿದರು.

“ಈ ಅರ ನನ್ನದಲ್ರಿ, ಯಜಮಾನ್ರ.”

ಅಷ್ಟೇ ಅಂದು ಕಾದರು. ನಾನು ‘ಹೌದು’ ಅಂದಿದ್ದರೆ ಸಾಕಿತ್ತು. “ಇರಬಹುದು,” ಎಂದೆ. ‘ಇರಬಹುದು’ ಎಂಬುದು ಎಷ್ಟು ಸಭ್ಯವಾದ ಮಾತು ನೋಡಿ, ಅದರಿಂದ ಯಾರ ಕತ್ತನ್ನಾದರೂ ಕೊಯ್ಯಬಹುದು. ಅವರು ಎಲ್ಲವನ್ನೂ ಮತ್ತೆ ಜೋಡಿಸಿ, ನನ್ನ ಕೈಗೆ ಬನ್ನಿ ಕೊಟ್ಟು, ಕಾಲು ಮುಟ್ಟಿ, “ಬಂಗಾರದಂಗ ಇರೂಣ್ರಿ” ಎಂದು ಹೋದರು.

ಆಮೇಲೆ ಅವರ ಅಂಗಡಿಗೆ ಬಂದೂಕುಗಳು ಬರುವುದು ನಿಂತಿತು. ಪರವಾನಗಿಯನ್ನು ಅವರು ನವೀಕರಿಸಲಿಲ್ಲ. ಈಗ ಔಷಧಿ ಹೊಡೆಯುವ ಪಂಪು, ಮಿಕ್ಸರು ರಿಪೇರಿ ಮಾಡುತ್ತಾರೆ. ಪ್ರತಿ ವರ್ಷ ಬನ್ನಿ ಹಬ್ಬಕ್ಕೆ ನಾನು ಜೇಬಿನಲ್ಲಿ ಎಲೆ ಇಟ್ಟುಕೊಂಡು ಗಜೇಂದ್ರಗಡಕ್ಕೆ ಹೋಗುತ್ತೇನೆ. ಅಂಗಡಿಯ ಎದುರಿನ ಹೋಟೆಲಿನಲ್ಲಿ ಎರಡು ಚಹಾ ಕುಡಿಯುತ್ತೇನೆ, ಅವರು ಬಗ್ಗಿ ಪಂಪು ಬಿಚ್ಚುವುದನ್ನು ನೋಡುತ್ತೇನೆ, ಅವರಿಗೆ ಕೆಲಸ ಬಹಳವಿದೆ ಎಂದುಕೊಂಡು ಬಸ್ಸು ಹತ್ತುತ್ತೇನೆ. ಇಂಥ ಶ್ರದ್ಧೆಯಿಂದ ಯಾತ್ರೆ ಮಾಡುವವರು ಇಟಗಿಯ ಗುಡಿಯಲ್ಲೂ ಸಿಗಲಾರರು.

ತಗಡಿನ ತೂತನ್ನು ನಾನು ಮುಚ್ಚಿಸಿಲ್ಲ. ಮಳೆ ಬಂದರೆ ಸರಿಯಾಗಿ ನನ್ನ ಕುರ್ಚಿಯ ಮೇಲೆ ಸೋರುತ್ತದೆ. ಕುರ್ಚಿ ಸರಿಸಬಹುದಿತ್ತು, ಅದನ್ನೂ ಮಾಡಿಲ್ಲ. ಇದನ್ನು ಪ್ರಾಯಶ್ಚಿತ್ತವೆಂದು ಹೆಂಡತಿಗೆ ಹೇಳಿದರೆ, “ಸೋಮಾರಿತನ” ಎನ್ನುತ್ತಾಳೆ. ಅವಳು ಹೇಳಿದ್ದೇ ಖರೆ ಇರಬೇಕು; ಕ್ಷಮೆ ಕೇಳುವುದಕ್ಕಿಂತ ನೆನೆಯುವುದು ಸುಲಭ. ಅಂದು ಬೀಗರು ಕೇಳಿದಾಗ ಊರಿನ ಹೆಸರು ಹೇಳಿದೆನೇ ಹೊರತು ಮನುಷ್ಯನ ಹೆಸರು ಹೇಳಲಿಲ್ಲ. ಇಷ್ಟುದ್ದ ಬರೆದರೂ ಇಲ್ಲಿಯವರೆಗೆ ಅದನ್ನು ತಪ್ಪಿಸಿಕೊಂಡೇ ಬಂದಿದ್ದೇನೆ. ಹಲ್ಲು ತಿಕ್ಕಿದವನು ನಾನು. ತಿಕ್ಕಬೇಡಿರೆಂದವರು ಕಾಳಪ್ಪ ಕಮ್ಮಾರ.